ಊಟಕ್ಕೂ ಹಾಸಿಗೆಗೂ ನಡುವಿನ ಮೂರು ಗಂಟೆ

ಬೆಂಗಳೂರಿನ ಆಡುಮಾತಿನಲ್ಲಿ ‘ಗ್ಯಾಸ್ಟ್ರಿಕ್’ ಎಂಬುದು ವಿಶೇಷಣವಲ್ಲ, ಒಂದು ಕಾಯಿಲೆಯ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಜಠರಕ್ಕೆ ಸಂಬಂಧಿಸಿದ’ ಎಂದಷ್ಟೇ ಅರ್ಥ. ಆದರೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಾಗಲಿ, ಬನಶಂಕರಿ ಎರಡನೇ ಹಂತದಲ್ಲಾಗಲಿ ಔಷಧಿ ಅಂಗಡಿಗೆ ಹೋಗಿ ‘ಗ್ಯಾಸ್ಟ್ರಿಕ್ ಆಗಿದೆ, ಏನಾದರೂ ಕೊಡಿ’ ಎಂದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ನಡುರಾತ್ರಿ ಗಂಟಲಿಗೆ ಏರಿ ಬರುವ ಕಹಿನೀರು ಎಲ್ಲವೂ ಆ ಒಂದೇ ಪದದೊಳಗೆ ಅಡಗಿವೆ. ಹಿಂದಿನವರು ಇದನ್ನೇ ‘ಪಿತ್ತ’ ಎಂದು ಕರೆದು ಸುಮ್ಮನಾಗುತ್ತಿದ್ದರು.

ಹೆಸರು ಬದಲಾಗಿದೆ. ಅದಕ್ಕೆ ಮಾಡುವ ಉಪಾಯವೂ ಬದಲಾಗಿದೆ. ಒಂದು ಕಾಲದಲ್ಲಿ ಎದೆಯುರಿಗೆ ಹೇಳುತ್ತಿದ್ದ ಮದ್ದಿನಲ್ಲಿ ಕಷಾಯಕ್ಕಿಂತ ಮುಖ್ಯವಾಗಿದ್ದುದು ಹೊತ್ತು ಮತ್ತು ಭಂಗಿ. ಎಷ್ಟು ಹೊತ್ತಿಗೆ ಉಣ್ಣಬೇಕು, ಉಂಡ ಮೇಲೆ ಏನು ಮಾಡಬೇಕು, ಯಾವ ಮಗ್ಗುಲಾಗಿ ಮಲಗಬೇಕು ಎಂಬುದೇ ಚಿಕಿತ್ಸೆಯಾಗಿತ್ತು. ಇಂದು ಆ ಜಾಗವನ್ನು ಮಾತ್ರೆಯೊಂದು ತುಂಬಿದೆ. ಮಾತ್ರೆ ಆಮ್ಲವನ್ನು ತಗ್ಗಿಸಬಲ್ಲದು. ಆದರೆ ಊಟಕ್ಕೂ ಹಾಸಿಗೆಗೂ ನಡುವೆ ಕಳೆದುಹೋದ ಹೊತ್ತನ್ನು ಅದು ಮರಳಿ ತರಲಾರದು. ದಕ್ಷಿಣ ಬೆಂಗಳೂರಿನ ನಿದ್ದೆಗೆಟ್ಟ ರಾತ್ರಿಗಳ ಹಿಂದೆ ಇರುವುದು ಈ ಕಳೆದುಹೋದ ಹೊತ್ತಿನ ಚರಿತ್ರೆ.

ರಾತ್ರಿಯೇ ಏಕೆ?

ಅನ್ನನಾಳವು ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ತುತ್ತು ಇಳಿಯುವಾಗ ಅದು ಸಡಿಲವಾಗಿ, ಆಮೇಲೆ ಬಿಗಿಯಾಗುತ್ತದೆ. ಜಠರದೊಳಗೆ ಹೈಡ್ರೊಕ್ಲೋರಿಕ್ ಆಮ್ಲವಿದೆ. ಅದನ್ನು ತಾಳಿಕೊಳ್ಳುವ ಲೋಳೆಯ ಕವಚ ಜಠರದ ಗೋಡೆಗೆ ಇದೆ; ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಉಂಗುರ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡರೆ ಆಮ್ಲ ಹಿಮ್ಮುಖವಾಗಿ ಮೇಲೇರುತ್ತದೆ. ಎದೆಯುರಿ ಎಂದರೆ ಇದೇ. ಹೆಸರಿನಲ್ಲಿ ಎದೆ ಇದ್ದರೂ ಉರಿಯುವುದು ಅನ್ನನಾಳ.

ಹಗಲಿನಲ್ಲಿ ಇದು ಆಗಾಗ ಎಲ್ಲರಿಗೂ ಆಗುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಕುಳಿತವರ, ನಿಂತವರ ದೇಹದಲ್ಲಿ ಭೂಮಿಯ ಸೆಳೆತವೇ ಆಮ್ಲವನ್ನು ಕೆಳಗಿಳಿಸುತ್ತದೆ. ಜೊತೆಗೆ ನಾವು ಅರಿವಿಲ್ಲದೆಯೇ ಎಂಜಲು ನುಂಗುತ್ತಿರುತ್ತೇವೆ. ಎಂಜಲಿನಲ್ಲಿರುವ ಬೈಕಾರ್ಬನೇಟ್ ಉಳಿದ ಹುಳಿಯನ್ನು ತೊಳೆದುಹಾಕುತ್ತದೆ. ನಿದ್ದೆಯಲ್ಲಿ ಈ ಮೂರು ಕಾವಲುಗಾರರೂ ರಜೆ ಹಾಕುತ್ತಾರೆ. ಮಲಗಿದಾಗ ಭೂಮಿಯ ಸೆಳೆತದ ನೆರವಿಲ್ಲ, ಎಂಜಲು ಹೆಚ್ಚು ಒಸರುವುದಿಲ್ಲ, ನುಂಗುವಿಕೆ ಬಹುಪಾಲು ನಿಂತೇಹೋಗುತ್ತದೆ. ಹೀಗಾಗಿ ಹಗಲು ಕೆಲವು ನಿಮಿಷಗಳಲ್ಲಿ ಇಳಿದುಹೋಗುವ ಆಮ್ಲ ರಾತ್ರಿ ಬಹಳ ಹೊತ್ತು ಅಲ್ಲೇ ನಿಂತಿರುತ್ತದೆ. ಕೆಲವರಿಗೆ ಉರಿಯಿಂದ ಎಚ್ಚರವಾಗುತ್ತದೆ. ಇನ್ನು ಕೆಲವರಿಗೆ ಉರಿ ಗೊತ್ತಾಗುವುದೇ ಇಲ್ಲ. ಒಣಕೆಮ್ಮು, ಬೆಳಗಿನ ಕಟ್ಟಿದ ದನಿ, ಎಷ್ಟು ಮಲಗಿದರೂ ತೀರದ ದಣಿವು ಮಾತ್ರ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಒಂದು ವಿಷವರ್ತುಲವೂ ಉಂಟು. ನಿದ್ದೆ ಕಡಿಮೆಯಾದವರ ಅನ್ನನಾಳ ಆಮ್ಲಕ್ಕೆ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದನ್ನು ವೈದ್ಯವಿಜ್ಞಾನ ಕಂಡುಕೊಂಡಿದೆ. ಉರಿಯಿಂದ ನಿದ್ದೆ ಕೆಡುತ್ತದೆ, ನಿದ್ದೆಗೇಡಿನಿಂದ ಮರುರಾತ್ರಿಯ ಉರಿ ಇನ್ನಷ್ಟು ಜೋರಾಗುತ್ತದೆ.

ನೂರು ಹೆಜ್ಜೆ, ಎಡಮಗ್ಗುಲು

ಆಯುರ್ವೇದದಲ್ಲಿ ಇದಕ್ಕೆ ‘ಅಮ್ಲಪಿತ್ತ’ ಎಂದು ಹೆಸರು. ಚರಕ, ಸುಶ್ರುತ ಸಂಹಿತೆಗಳು ಇದನ್ನು ಪ್ರತ್ಯೇಕ ರೋಗವಾಗಿ ಎಣಿಸಲಿಲ್ಲ. ಅದಕ್ಕೊಂದು ಬೇರೆ ಅಧ್ಯಾಯ ಸಿಕ್ಕಿದ್ದು ಕಾಶ್ಯಪ ಸಂಹಿತೆಯಲ್ಲಿ ಮತ್ತು ಮಾಧವಕರನ ‘ಮಾಧವ ನಿದಾನ’ದಲ್ಲಿ. ಮಾಧವಕರನು ಮೇಲ್ಮುಖವಾದದ್ದು, ಕೆಳಮುಖವಾದದ್ದು ಎಂದು ಅಮ್ಲಪಿತ್ತವನ್ನು ಎರಡಾಗಿ ವಿಂಗಡಿಸಿದ. ಮೇಲ್ಮುಖದ ಲಕ್ಷಣಗಳೆಂದು ಅವನು ಕೊಡುವ ಹುಳಿತೇಗು, ಎದೆ–ಗಂಟಲುಗಳ ಉರಿಯ ವಿವರ ಇಂದಿನ ರೋಗಿಯ ಮಾತಿಗಿಂತ ಬಹಳ ದೂರವಿಲ್ಲ. ಕಾಶ್ಯಪ ಸಂಹಿತೆಯಂತೂ ನೀರು ನಿಲ್ಲುವ ಜೌಗು ಪ್ರದೇಶಗಳಲ್ಲಿ ಈ ರೋಗ ಹೆಚ್ಚೆಂದೂ, ಮದ್ದಿಗೆ ಬಗ್ಗದಿದ್ದರೆ ರೋಗಿ ಊರನ್ನೇ ಬದಲಿಸಬೇಕೆಂದೂ ಸಲಹೆ ಕೊಡುತ್ತದೆ.

ಇದಕ್ಕಿಂತ ಕುತೂಹಲದ ಸಂಗತಿ ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿದೆ. ಅದು ರೋಗಿಗೆ ಹೇಳಿದ ಮಾತಲ್ಲ, ಉಂಡವರಿಗೆಲ್ಲ ಹೇಳಿದ್ದು. ಊಟವಾದ ಮೇಲೆ ಆಯಾಸ ಕಳೆಯುವ ತನಕ ಅರಸನ ಹಾಗೆ ನೆಟ್ಟಗೆ ಕುಳಿತಿರಬೇಕು, ಅನಂತರ ನೂರು ಹೆಜ್ಜೆ ನಡೆಯಬೇಕು, ಮಲಗುವುದಾದರೆ ಎಡಮಗ್ಗುಲಾಗಿ ಮಲಗಬೇಕು ಎಂಬುದು ಅದರ ಸಾರ. ಅಜ್ಜಿಯರು ‘ಉಂಡ ಮೇಲೆ ನೂರು ಹೆಜ್ಜೆ’ ಎನ್ನುತ್ತಿದ್ದುದರ ಮೂಲ ಇಲ್ಲಿದೆ.

ಕನ್ನಡದಲ್ಲಿಯೂ ಅಡುಗೆ ಮತ್ತು ಆರೋಗ್ಯ ಒಂದೇ ಪುಸ್ತಕದಲ್ಲಿ ಕುಳಿತ ಉದಾಹರಣೆಗಳುಂಟು. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರವೂ ಇದೆ, ವೈದ್ಯವೂ ಇದೆ. 1508ರ ಸುಮಾರಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದ. ಆ ಕಾಲದ ಕನ್ನಡಿಗರ ಅಡುಗೆಯಲ್ಲಿ ಖಾರವೆಂದರೆ ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಈ ನೆಲಕ್ಕೆ ಬಂದದ್ದು ಹದಿನಾರನೇ ಶತಮಾನದಲ್ಲಿ. ಆದರೂ ಅಮ್ಲಪಿತ್ತದ ಅಧ್ಯಾಯ ಅದಕ್ಕಿಂತ ಎಷ್ಟೋ ಹಳೆಯದು. ಎಲ್ಲ ತಪ್ಪನ್ನೂ ಮೆಣಸಿನಕಾಯಿಯ ಮೇಲೆ ಹೊರಿಸುವವರು ಇದನ್ನು ಗಮನಿಸಬೇಕು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶ ಉರಿಯನ್ನು ಗ್ರಹಿಸುವ ನರತುದಿಗಳನ್ನು ಕೆರಳಿಸುತ್ತದೆ. ಈಗಾಗಲೇ ನೊಂದ ಅನ್ನನಾಳಕ್ಕೆ ಅದು ಉರಿಯುವ ಬೆಂಕಿಗೆ ತುಪ್ಪ. ಆದರೆ ಬೆಂಕಿ ಹಚ್ಚಿದ್ದು ಅದೊಂದೇ ಅಲ್ಲ.

ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನರ ವ್ರತವನ್ನೂ ಇಲ್ಲಿ ನೆನೆಯಬಹುದು. ಅದರ ಉದ್ದೇಶ ಜೀರ್ಣವಲ್ಲ, ಅಹಿಂಸೆ; ಕತ್ತಲಲ್ಲಿ ಉಣ್ಣುವಾಗ ಸಣ್ಣ ಜೀವಿಗಳಿಗೆ ಹಾನಿಯಾದೀತೆಂಬ ಎಚ್ಚರ. ಆದರೆ ಅದನ್ನು ಪಾಲಿಸುವವರಿಗೆ ಊಟಕ್ಕೂ ನಿದ್ದೆಗೂ ನಡುವೆ ಮೂರು–ನಾಲ್ಕು ಗಂಟೆ ತಾನಾಗಿಯೇ ಸಿಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ವ್ರತವಿಲ್ಲದವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕವಿತ್ತು. ದೀಪದ ಎಣ್ಣೆ ದುಬಾರಿ. ಮುದ್ದೆ, ಸಾರು ಮುಗಿಸಿ ಜಗಲಿಯಲ್ಲಿ ಕುಳಿತು ಮಾತಾಡಿ, ಆಮೇಲೆ ಮಲಗುವುದು ವಾಡಿಕೆಯಾಗಿತ್ತು.

ದೀಪ ಬಂತು, ಊಟ ಸರಿಯಿತು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ರಾತ್ರಿ ಉದ್ದವಾಗಲು ಶುರುವಾದದ್ದು ಆಗ. 1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದ ಬಸವನಗುಡಿಯ ಅಗಲ ಬೀದಿಗಳಲ್ಲಿ ಸಂಜೆಯ ಓಡಾಟ, ಸಂಗೀತ, ಸಭೆಗಳು ಬೆಳೆದವು. 1924ರಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲು, ಗಾಂಧಿಬಜಾರಿನಲ್ಲಿ 1943ರಲ್ಲಿ ತೆರೆದ ವಿದ್ಯಾರ್ಥಿ ಭವನ ಮುಂತಾದವು ದೋಸೆ–ಕಾಫಿಯನ್ನು ಈ ಭಾಗದ ಜೀವನಕ್ರಮದಲ್ಲಿ ಸೇರಿಸಿದವು. ಆದರೂ ಅವು ಮುಖ್ಯವಾಗಿ ಬೆಳಗಿನ ಮತ್ತು ಸಂಜೆಯ ತಿಂಡಿಯ ಜಾಗಗಳು. ರಾತ್ರಿಯ ಊಟ ಮನೆಯದೇ ಆಗಿತ್ತು.

1948ರ ಆಗಸ್ಟ್ 20ರಂದು ಸಿ. ರಾಜಗೋಪಾಲಾಚಾರಿ ಅವರು ಅಶೋಕ ಸ್ತಂಭದ ಬಳಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದಾಗ ಅದರಾಚೆ ಇದ್ದದ್ದು ಹೊಲ, ತೋಟ, ಕೆರೆ. ಬಡಾವಣೆ ಬೆಳೆದಂತೆ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಬೆಳೆದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಹೊತ್ತು ಬಿ.ಟಿ.ಎಂ. ಬಡಾವಣೆ ಬಂತು. ಹೊಲಕ್ಕೆ ಹೋಗುವವರ ಹೊತ್ತನ್ನು ಸೂರ್ಯ ನಿರ್ಧರಿಸುತ್ತಿದ್ದ; ಕಾರ್ಖಾನೆಗೆ ಹೋಗುವವರ ಹೊತ್ತನ್ನು ಪಾಳಿ ನಿರ್ಧರಿಸಿತು. ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ಬಿ.ಟಿ.ಎಂ.ನ ಮೈಕೋ ಲೇಔಟಿನಲ್ಲಿ ಇಂದಿಗೂ ಉಳಿದಿದೆ. ಎರಡನೇ ಪಾಳಿ ಮುಗಿಸಿ ಬಂದವರ ಊಟ ಮತ್ತು ನಿದ್ದೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡದ್ದು ಆಗಲೇ.

1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭವಾಯಿತು. ನಿಂತು ತಿನ್ನುವ, ಬೇಗ ಮುಗಿಯುವ, ಅಗ್ಗದ ತಿಂಡಿಯ ಆ ಮಾದರಿ ಊರಿಗೆಲ್ಲ ಹಬ್ಬಿ ‘ದರ್ಶಿನಿ’ ಎಂಬುದು ಒಂದು ಬಗೆಯ ಹೋಟೆಲಿನ ಹೆಸರೇ ಆಯಿತು. ಕೂತು ನಿಧಾನವಾಗಿ ಉಣ್ಣುವ ಪದ್ಧತಿಗೆ ಅಲ್ಲಿ ಜಾಗವಿಲ್ಲ. ಇತ್ತ ವಿ.ವಿ. ಪುರದ ಸಜ್ಜನರಾವ್ ವೃತ್ತದ ತಿಂಡಿ ಬೀದಿ ಸಂಜೆ ಜೀವ ತಳೆದು ರಾತ್ರಿಯವರೆಗೂ ಗಿಜಿಗುಡುವ ಜಾಗವಾಯಿತು.

ಎಲ್ಲಕ್ಕಿಂತ ದೊಡ್ಡ ಪಲ್ಲಟ ಹೊಸೂರು ರಸ್ತೆಯಲ್ಲಾಯಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಬೆಳೆದಂತೆ ಅಮೆರಿಕದ ಹಗಲಿಗೆ ಹೊಂದುವ ಕೆಲಸ ಬೆಂಗಳೂರಿನ ರಾತ್ರಿಗೆ ಬಂತು. ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ ಗಾದೆಯ ಮಾತಾಯಿತು. ಏಳಕ್ಕೆ ಕಚೇರಿ ಬಿಟ್ಟವರು ಒಂಬತ್ತಕ್ಕೆ ಮನೆ ಸೇರಿ, ಹತ್ತಕ್ಕೆ ಉಂಡು, ಹತ್ತೂವರೆಗೆ ಮಲಗಿದರೆ ಅದು ಸೋಮಾರಿತನವಲ್ಲ. ಉಳಿದದ್ದು ಅಷ್ಟೇ ಹೊತ್ತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ದಿನದ 24 ಗಂಟೆಯೂ ತೆರೆದಿರಲು ಅನುಮತಿ ಕೊಟ್ಟಿತು. ಮೊಬೈಲಿನಲ್ಲಿ ಹೇಳಿದರೆ ನಡುರಾತ್ರಿಯಲ್ಲೂ ಬಿರಿಯಾನಿ ಬಾಗಿಲಿಗೆ ಬರುತ್ತದೆ.

ಮೈಸೂರಿನ ಸರ್ಜನ್, ಲಂಡನ್ನಿನ ಮಾತ್ರೆ

ಹೊಟ್ಟೆಯ ಆಮ್ಲಕ್ಕೆ ಸಂಬಂಧಿಸಿದ ಜಾಗತಿಕ ಚರ್ಚೆಯಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. ಜನ ‘ಮಿಷನ್ ಆಸ್ಪತ್ರೆ’ ಎನ್ನುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಬ್ರಿಟಿಷ್ ಶಸ್ತ್ರವೈದ್ಯರಿದ್ದರು. ಅಕ್ಕಿ ಮುಖ್ಯ ಆಹಾರವಾದ ದಕ್ಷಿಣದಲ್ಲಿ ಸಣ್ಣಕರುಳಿನ ಆರಂಭದ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಪಂಜಾಬಿನಂಥ ಕಡೆ ಕಡಿಮೆ ಎಂಬ ವ್ಯತ್ಯಾಸ ಅವರ ಗಮನ ಸೆಳೆಯಿತು. ಮುಂದೆ ಹಲವು ದಶಕ ಅವರು ಆಹಾರಕ್ಕೂ ಹುಣ್ಣಿಗೂ ಇರುವ ನಂಟನ್ನು ಹುಡುಕಿದರು. ಹುಣ್ಣಿನಿಂದ ರಕ್ಷಿಸುವ ಜಿಡ್ಡಿನಂಶ ಇರುವ ಧಾನ್ಯಗಳನ್ನು ಪರೀಕ್ಷಿಸಿದಾಗ ಅವರಿಗೆ ಹೆಚ್ಚು ಪರಿಣಾಮಕಾರಿಯಾಗಿ ಕಂಡದ್ದು ನಮ್ಮ ಹುರುಳಿ.

ಹುಣ್ಣೂ ಆಮ್ಲದ ಹಿಮ್ಮುಖ ಹರಿವೂ ಒಂದೇ ಅಲ್ಲ. ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಎದೆಯುರಿಗೆ ಮೂಲ ಉಂಗುರದ ಸಡಿಲಿಕೆ. ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದ ಎರಡನ್ನೂ ಮುಚ್ಚಿಹಾಕುವುದರಿಂದ ಈ ವ್ಯತ್ಯಾಸ ತಿಳಿದಿರಬೇಕು. ಒಂದಕ್ಕೆ ಆಂಟಿಬಯೋಟಿಕ್ ಬೇಕಾಗಬಹುದು, ಇನ್ನೊಂದಕ್ಕೆ ಜೀವನಕ್ರಮದ ಬದಲಾವಣೆಯೇ ಮೊದಲ ಮದ್ದು.

ಜಠರದಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲವೆಂದು ಲಂಡನ್ನಿನ ವಿಲಿಯಂ ಪ್ರೌಟ್ ಪ್ರಕಟಿಸಿದ್ದು 1824ರಲ್ಲಿ. ಆ ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತದೆ ಎಂದು ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೈನ್ ವಿವರಿಸಿದ್ದು 1935ರಲ್ಲಿ. ಆಮ್ಲದ ಉತ್ಪಾದನೆಯನ್ನೇ ತಡೆಯುವ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅದರ ಹಿಂದಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಹಂಚಿಕೊಂಡರು. 1981ರಲ್ಲಿ ರಾನಿಟಿಡಿನ್, 1988ರಲ್ಲಿ ಅವೆಲ್ಲಕ್ಕಿಂತ ಬಲವಾದ ಒಮೆಪ್ರಜೋಲ್ ಬಂದವು. ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧಗಳ ಮೇಲೆ ಉತ್ಪನ್ನ ಪೇಟೆಂಟನ್ನು ಒಪ್ಪುತ್ತಿರಲಿಲ್ಲ. 2005ರಲ್ಲಿ ತಿದ್ದುಪಡಿಯಾಗುವ ತನಕ ದೇಶೀಯ ಕಂಪನಿಗಳು ಇವನ್ನು ಅಗ್ಗವಾಗಿ ತಯಾರಿಸಿದವು. ಬಡವರಿಗೂ ಮದ್ದು ಸಿಕ್ಕಿತು ಎಂಬುದು ಇದರ ದೊಡ್ಡ ಲಾಭ. ಮಾತ್ರೆ ಕಡಲೆಬೀಜದಂತೆ ಜೇಬು ಸೇರಿತು ಎಂಬುದು ಇನ್ನೊಂದು ಮುಖ.

ಯಾವ ಮಾತ್ರೆಯೂ ಪ್ರಶ್ನಾತೀತವಲ್ಲ ಎಂಬುದಕ್ಕೆ ರಾನಿಟಿಡಿನ್ನೇ ಸಾಕ್ಷಿ. ಕ್ಯಾನ್ಸರ್‌ಕಾರಕವಾಗಬಲ್ಲ ಎನ್‌ಡಿಎಂಎ ಎಂಬ ಅಂಶ ಅದರಲ್ಲಿ ಕಂಡುಬಂದದ್ದರಿಂದ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿತು. 2022ರಲ್ಲಿ ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು.

ಈಗ ಹೆಚ್ಚು ಬಳಕೆಯಲ್ಲಿರುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಉಪಯುಕ್ತ ಮದ್ದುಗಳೇ. ಅನ್ನನಾಳದ ಗಾಯವನ್ನು ಅವು ಮಾಯಿಸುತ್ತವೆ. ಆದರೆ ಅವು ಮೇಲೇರುವ ರಸದ ಹುಳಿಯನ್ನು ತಗ್ಗಿಸುತ್ತವೆಯೇ ಹೊರತು ಮೇಲೇರುವುದನ್ನು ನಿಲ್ಲಿಸುವುದಿಲ್ಲ. ಇವನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಉಂಡು ಮಲಗುವಾಗ ನುಂಗುವವರಿಗೆ ಪೂರ್ಣ ಫಲ ಸಿಗುವುದಿಲ್ಲ. ಬಹುಕಾಲ ತೆಗೆದುಕೊಂಡು ಹಠಾತ್ತನೆ ಬಿಟ್ಟರೆ ಆಮ್ಲ ಮತ್ತೆ ಪುಟಿದೇಳಬಹುದು. ವರ್ಷಗಟ್ಟಲೆ ನುಂಗಿದರೆ ಬಿ-12 ಜೀವಸತ್ವ, ಮೆಗ್ನೀಸಿಯಂ ಕೊರತೆ ಕಾಣಿಸಬಹುದು. ಆದ್ದರಿಂದಲೇ ಇದು ವೈದ್ಯರ ಚೀಟಿಯ ಮೇಲೆ ಕೊಳ್ಳಬೇಕಾದ ಮದ್ದು.

ಹಳೆಯ ಮಾತಿಗೆ ಹೊಸ ಸಾಕ್ಷ್ಯ

ಇಂದಿನ ವೈದ್ಯರು ರಾತ್ರಿಯ ಎದೆಯುರಿಗೆ ಮೊದಲು ಹೇಳುವುದೇನು? ಊಟಕ್ಕೂ ನಿದ್ದೆಗೂ ನಡುವೆ ಎರಡು–ಮೂರು ಗಂಟೆ ಅಂತರವಿರಲಿ. ರಾತ್ರಿಯ ಊಟ ಹಗುರವಾಗಿರಲಿ. ಜಿಡ್ಡಿನ ಆಹಾರ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ತೂಕ ಹೆಚ್ಚಿದ್ದರೆ ಇಳಿಸಿ. ಬೀಡಿ, ಸಿಗರೇಟು, ಮದ್ಯ ಬಿಡಿ. ದಿಂಬಿನ ಮೇಲೆ ದಿಂಬಿಟ್ಟರೆ ಕತ್ತು ಮಾತ್ರ ಬಾಗುತ್ತದೆ. ಅದರ ಬದಲು ಮಂಚದ ತಲೆಕಡೆಯ ಕಾಲುಗಳಿಗೆ ಆರೆಂಟು ಅಂಗುಲ ಎತ್ತರದ ಮರದ ತುಂಡು ಅಥವಾ ಇಟ್ಟಿಗೆ ಕೊಡಿ.

ಮತ್ತೆ, ಎಡಮಗ್ಗುಲಾಗಿ ಮಲಗಿ. ಜಠರದ ಉಬ್ಬಿದ ಭಾಗ ಎಡಕ್ಕಿರುವುದರಿಂದ ಎಡಮಗ್ಗುಲಲ್ಲಿ ಆಮ್ಲದ ಮಡು ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ, ಬಲಮಗ್ಗುಲಲ್ಲಿ ಮೇಲಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ದೆಯಲ್ಲಿರುವವರ ಭಂಗಿಯನ್ನೂ ಅನ್ನನಾಳದ ಆಮ್ಲವನ್ನೂ ಒಟ್ಟಿಗೆ ಅಳೆದರು. ಎಡಮಗ್ಗುಲಲ್ಲಿ ಆಮ್ಲ ಬೇಗ ಇಳಿದುಹೋಗುತ್ತಿತ್ತು. ಸುಶ್ರುತ ಸಂಹಿತೆಯ ಸಲಹೆಗೆ ಉಪಕರಣದ ಸಾಕ್ಷ್ಯ ಸಿಕ್ಕಂತಾಯಿತು. ಹಳೆಯದೆಲ್ಲ ಸರಿ ಎಂದು ಇದರ ಅರ್ಥವಲ್ಲ. ಮಲಗುವ ಮುನ್ನ ಕುಡಿಯುವ ಹಾಲು ಸ್ವಲ್ಪ ಹೊತ್ತು ತಂಪೆನಿಸಿ, ಆಮೇಲೆ ಜಠರ ಇನ್ನಷ್ಟು ಆಮ್ಲ ಸುರಿಸುವಂತೆ ಮಾಡುತ್ತದೆ. ನಿಂಬೆ ಸೋಡಾ ಕುಡಿದು ತೇಗು ಬರಿಸಿಕೊಂಡರೆ ಹಗುರವೆನಿಸಬಹುದು; ಆದರೆ ತೇಗು ಬರುವುದೆಂದರೆ ಅದೇ ಉಂಗುರ ಸಡಿಲವಾಗುವುದು, ಗಾಳಿಯ ಜೊತೆ ಹುಳಿಯೂ ಬರುತ್ತದೆ. ಪುದೀನವೂ ಉಂಗುರವನ್ನು ಸಡಿಲಿಸುವ ವಸ್ತುವೇ.

ಒಂದು ಎಚ್ಚರಿಕೆಯನ್ನು ಯಾರೂ ಮರೆಯಬಾರದು. ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರಕ್ಕೂ ಬಿ.ಟಿ.ಎಂ.ಗೂ ಹೊಂದಿಕೊಂಡಂತೆ ಜಯದೇವ ಹೃದ್ರೋಗ ಸಂಸ್ಥೆ ಇದೆ. ಹೃದಯಾಘಾತದ ನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಮಾತ್ರೆ ನುಂಗಿ ಬೆಳಗಿನ ತನಕ ಕಾಯುವುದು ಜೀವಕ್ಕೇ ಅಪಾಯ. ಎದೆಯಲ್ಲಿ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ಕಷ್ಟ ಇದ್ದರೆ ನೇರ ಆಸ್ಪತ್ರೆಗೆ ಹೋಗಬೇಕು. ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ ಇವಕ್ಕೂ ಮನೆಮದ್ದು ಸಲ್ಲದು.

ಹೊತ್ತು ಯಾರ ಕೈಯಲ್ಲಿದೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಗಾದೆ. ಬಲ್ಲವನಾಗಿದ್ದರೆ ಸಾಲದು, ಅವನಿಗೆ ಹೊತ್ತೂ ಇರಬೇಕು. ಎಲ್ಲರೂ ಉಂಡ ಮೇಲೆ ಉಣ್ಣುವ ಹೋಟೆಲಿನ ಮಾಣಿ, ರಾತ್ರಿ ಪಾಳಿಯ ಕಾವಲುಗಾರ, ನಡುರಾತ್ರಿ ಬೇರೆಯವರ ಊಟ ಹೊತ್ತೊಯ್ಯುವ ಹುಡುಗ, ಮನೆಯವರೆಲ್ಲ ಬಂದು ಉಂಡ ಮೇಲೆ ತಟ್ಟೆ ಹಾಕಿಕೊಳ್ಳುವ ಗೃಹಿಣಿ ಇವರಿಗೆ ‘ಬೇಗ ಉಣ್ಣಿ’ ಎಂಬ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ. ಅಂಥವರು ದೊಡ್ಡ ಊಟವನ್ನು ಮಧ್ಯಾಹ್ನಕ್ಕೋ ಸಂಜೆಗೋ ಹಿಂದೆ ಸರಿಸಿ, ರಾತ್ರಿ ಸ್ವಲ್ಪವೇ ತಿನ್ನಬಹುದು.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಓಡಾಟ ಶುರುವಾಯಿತು. ಜಯದೇವ, ಬಿ.ಟಿ.ಎಂ., ಸಿಲ್ಕ್ ಬೋರ್ಡ್ ದಾಟಿ ಅದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. ಅದನ್ನು ಯಾರೂ ವೈದ್ಯಕೀಯ ಸೌಲಭ್ಯವೆಂದು ಕರೆದಿಲ್ಲ. ಆದರೆ ಒಬ್ಬ ನೌಕರ ಒಂದು ಗಂಟೆ ಮೊದಲು ಮನೆ ಸೇರಿ, ಎಂಟಕ್ಕೆ ಉಂಡು, ಮನೆಯವರೊಡನೆ ಬೀದಿಯ ಕೊನೆಯ ತನಕ ನಡೆದು ಬರುವಂತಾದರೆ ಆ ಒಂದು ಗಂಟೆ ಮಾಡುವ ಕೆಲಸವನ್ನು ಯಾವ ಮಾತ್ರೆಯೂ ಮಾಡಲಾರದು.